ಹದಿನೇಳನೇ ಫ್ಯಾನಿನ ಮುಖ

ಗಾಳಿಯಿಂದ ಕರೆಂಟು ತೆಗೆಯುವ ಗುಡ್ಡದ ಫ್ಯಾನುಗಳು ಕಂಬ ಏರುವ ಮೊದಲು ಒಂದು ವರ್ಷ ಕಂಪ್ಯೂಟರಿನೊಳಗೆ ಬೆಳೆಯುತ್ತವೆ. ಅಲ್ಲಿ ಸುಳ್ಳು ಗಾಳಿ ಬೀಸಿ, ಮಾತಾಡಿಸಿ, ತಿರುಗುವುದನ್ನು ಕಲಿಸುವವರು ಬೇರೆ; ಗುಡ್ಡದ ಮೇಲೆ ನೋಡಿಕೊಳ್ಳುವವರು ಬೇರೆ. ಹದಿನೇಳನೆಯದನ್ನು ಫಕೀರವ್ವ ಒಂಬತ್ತು ವರ್ಷದಿಂದ ನೋಡಿಕೊಂಡಿದ್ದಳು. ಅದು ಬೇರೆಯವರ ದನಿಗೆ ಕದಲುವುದಿಲ್ಲ ಎಂಬುದು ಅವಳ ಹೆಮ್ಮೆ.

ಅಂದು ಮಧ್ಯಾಹ್ನ, ಅದಕ್ಕೆ ಕಲಿಸಿದ್ದ ಅರುಂಧತಿ ತಪಾಸಣೆಗೆಂದು ಗುಡ್ಡ ಹತ್ತಿ ಬಂದಳು. "ಏನ್ ಬಿಸಲರೀ ಇಲ್ಲಿ" ಅಂದದ್ದಷ್ಟೆ, ಹದಿನೇಳನೆಯದು ಗಾಳಿಗೆ ಬೆನ್ನು ಹಾಕಿ ಅವಳ ಕಡೆ ತಿರುಗಿ ನಿಂತುಬಿಟ್ಟಿತು. ಅದರ ಕರೆಂಟಿನಿಂದಲೇ ನಡೆಯುವ ಕೆಳಗಿನೂರಿನ ಹಿಟ್ಟಿನ ಗಿರಣಿ ಸದ್ದಡಗಿತು.

"ಗಾಳಿ ಕಡೆ ಮಾರಿ ಮಾಡೋ ನಮ್ಮಪ್ಪಾ," ಫಕೀರವ್ವ ಮೂರು ಸಲ ಕೂಗಿದಳು. ರೆಕ್ಕೆ ಅಲುಗಲಿಲ್ಲ. ಗ್ರೀಸು ಹಚ್ಚಿದ ಕೈ ತನ್ನದು, ಸಿಡಿಲಿನ ದಿನ ಕಂಬದ ಬುಡದಲ್ಲಿ ಕೂತವಳು ತಾನು.

ಅರುಂಧತಿಗೆ ಮುಜುಗರವಾಯಿತು. ಮೇಲೆ ನೋಡಿ, "ಅಕ್ಕಾರ ಮಾತ ಕೇಳು," ಎಂದಳು ಮೆಲ್ಲಗೆ.

ಫ್ಯಾನು ತಟ್ಟನೆ ಗಾಳಿಗೆ ಮುಖ ಮಾಡಿತು. ಗಿರಣಿ ಮತ್ತೆ ಗುರುಗುಟ್ಟಿತು. ತಿರುಗದೇ ಇದ್ದಿದ್ದರೇ ಚೆನ್ನಾಗಿತ್ತು ಎನಿಸಿತು ಫಕೀರವ್ವನಿಗೆ.

"ಭಾಳ ಚಂದ ನೋಡ್ಕೊಂಡೀರಿ ಅಕ್ಕಾರ," ಅಂದಳು ಅರುಂಧತಿ. "ಸಂಜೀತನಕ ಇದರ ಕೆಳಗ ಕುಂತು ಹೋಗ್ತೀನಿ."

"ಮೂರರ ಬಸ್ ತಪ್ಪಿದ್ರ ಇವತ್ತ ಮತ್ತ ಬಸ್ಸಿಲ್ರಿ."

ಐದಕ್ಕೊಂದು ಬಸ್ಸಿರುವುದು ಗುಡ್ಡಕ್ಕೆಲ್ಲ ಗೊತ್ತಿತ್ತು. ಅರುಂಧತಿ ಅವಸರದಿಂದ ಇಳಿದುಹೋದಳು. ಅವಳು ತಿರುವು ದಾಟುವವರೆಗೂ ಫಕೀರವ್ವ ಬೇಕೆಂದೇ ಫ್ಯಾನಿನ ಕಡೆ ತಲೆಯೆತ್ತಿ ನೋಡಲಿಲ್ಲ.

ಆದರೆ ಕೆಳಗೆ ಗಿರಣಿಯ ಸದ್ದು ಮತ್ತೆ ನಿಂತಿತ್ತು.