ಟೀರ್ನಿ ಮನೆತನ

ನಿಶ್ಚಯದ ದಿನ ಬೆಳಿಗ್ಗೆ ಶೇಖರಪ್ಪ ತನ್ನ ಅಳಿಯನಾಗಬೇಕಿದ್ದವನನ್ನು ಬಾಗಿಲ ಹೊರಗೇ ನಿಲ್ಲಿಸಿದ. ಹುಡುಗನ ಅಪ್ಪನನ್ನು ಮಾತ್ರ ಒಳಗೆ ಕರೆದು ಬಾಗಿಲು ಹಾಕಿಕೊಂಡ.

ಎರಡು ಸಾವಿರದ ಆರರ ಮಾರ್ಚ್. ಅಮೆರಿಕದ ಬಾಥೆಲ್ ಊರಿನ ಆ ಮನೆಯಲ್ಲಿ ಹೂವು, ಹಣ್ಣು, ಹೋಳಿಗೆ ಎಲ್ಲ ತಯಾರಿತ್ತು. ಮಧ್ಯಾಹ್ನಕ್ಕೆ ಕನ್ನಡ ಸಂಘದವರು ಬರುವವರಿದ್ದರು. ಹುಡುಗ ಕಾನರ್ ಟೀರ್ನಿ ಅಲಾಸ್ಕಾದ ಮೀನು ಹಡಗುಗಳಲ್ಲಿ ಇಂಜಿನಿಯರ್. ಹಿಂದಿನ ದಿನವಷ್ಟೇ ಬಂದಿಳಿದಿದ್ದ. ಮಾವನಾಗುವವನು ಅವನನ್ನು ನೋಡಿದ್ದು ಇದೇ ಮೊದಲು. ಬಾಗಿಲು ತೆರೆದ ಶೇಖರಪ್ಪನ ನಗು ಅರ್ಧಕ್ಕೇ ನಿಂತಿತು. ಕಾನರ್ ಕೈಮುಗಿದು ಎರಡು ಮಾತು ಹೇಳಿದ. ಉಳಿದರ್ಧವೂ ಹೋಯಿತು.

ಆ ಗಳಿಗೆಯವರೆಗೆ ಈ ಸಂಬಂಧದಷ್ಟು ಹೆಮ್ಮೆ ಅವನಿಗೆ ಯಾವುದರಲ್ಲೂ ಇರಲಿಲ್ಲ.

ಹುಬ್ಬಳ್ಳಿ ಬಿಟ್ಟು ಬಂದು ಇಪ್ಪತ್ತೈದು ವರ್ಷವಾಗಿತ್ತು. ಹೆಂಡತಿ ತೀರಿಕೊಂಡ ಮೇಲೆ ತಾಯಿ ಬಸವ್ವನನ್ನು ಕರೆಸಿಕೊಂಡಿದ್ದ. ಮಗಳು ನಿಕಿತಾ ಒಬ್ಬಳೇ. ಎರಡು ವರ್ಷದ ಹಿಂದೆ ಅವಳು ಬೆಲ್ವ್ಯೂದ ಆಫೀಸಿನಲ್ಲಿ ಜೊತೆಗಿದ್ದ ಸಾಗರ್ ಎಂಬ ಕನ್ನಡದ ಹುಡುಗನ ಹೆಸರೆತ್ತಿದ್ದಳು. ಶೇಖರಪ್ಪ ಅವನ ಊರು ಕೇಳಿದ. ಅಡ್ಡಹೆಸರು ಕೇಳಿದ. ಊರಲ್ಲಿ ಮನೆ ಯಾವ ಓಣಿಯಲ್ಲಿದೆ ಎಂದೂ ಕೇಳಿದ. ಆಮೇಲೆ ಆ ಹೆಸರು ಮನೆಯಲ್ಲಿ ಕೇಳಿಸಲಿಲ್ಲ.

ಈ ಸಲ ಮಗಳು ಐರಿಷ್ ಮನೆತನ ಎಂದಾಗ ಓಣಿ ಕೇಳುವ ಪ್ರಮೇಯವೇ ಬರಲಿಲ್ಲ. ಫೋಟೋ ಕೇಳಿದ್ದಕ್ಕೆ ಅವಳು, "ಬರ್ತಾನಲ್ಲ ಅಪ್ಪ, ನೀವೇ ನೋಡಿ" ಎಂದಳು. ಶೇಖರಪ್ಪ ಒತ್ತಾಯಿಸಲಿಲ್ಲ. ಟೀರ್ನಿ ಎಂಬ ಹೆಸರೇ ಅವನಿಗೆ ಫೋಟೋ ಆಗಿತ್ತು.

ಹುಡುಗನ ಅಪ್ಪ ಯೂಜೀನ್ ಟೀರ್ನಿಯ ಕಸುಬೇ ಹೆಸರುಗಳದು. ಶೋರ್‌ಲೈನ್‌ನಲ್ಲಿ ಸಣ್ಣದೊಂದು ಕಚೇರಿ. ಅಮೆರಿಕದ ಐರಿಷರ ಅಡ್ಡಹೆಸರಿನ ಜಾಡು ಹಿಡಿದು ಪೂರ್ವಿಕರ ಹಳ್ಳಿ ಹುಡುಕುವುದು, ಬೇಸಿಗೆಯಲ್ಲಿ ಅವರನ್ನು ಅಲ್ಲಿಗೆ ಕರೆದೊಯ್ಯುವುದು. ಮಾತುಕತೆಗೆ ಬಂದ ದಿನ ಆ ಕೆಂಪು ಮುಖದ ಮುದುಕ ಮೇಜಿನ ಮೇಲೆ ಐರ್ಲೆಂಡಿನ ನಕಾಶೆ ಹಾಸಿದ. ಆಲೂಗಡ್ಡೆ ಬೆಳೆಯೆಲ್ಲ ಕೊಳೆತು ಬರ ಬಿದ್ದ ವರ್ಷ ಜಮೀನ್ದಾರನ ಆಳುಗಳು ತನ್ನ ಮುತ್ತಜ್ಜನ ಗುಡಿಸಲಿನ ಸೂರು ಕಿತ್ತೆಸೆದದ್ದನ್ನು ಹೇಳಿದ. ಹಡಗು ಹತ್ತಿ ಇಲ್ಲಿಗೆ ಬಂದರೆ ಇಲ್ಲಿಯೂ ಹೆಸರು ಕೇಳಿದೊಡನೆ ಕೆಲಸವಿಲ್ಲ ಎಂದು ಬಾಗಿಲು ಮುಚ್ಚುತ್ತಿದ್ದರಂತೆ.

ಶೇಖರಪ್ಪನ ಕಣ್ಣು ತೇವವಾಗಿತ್ತು. "ಹೆಸರ ಕೇಳಿ ಬಾಗಿಲಾ ಹಾಕೂದಂದ್ರ! ಎಂಥಾ ಕಟುಕರವ್ವಾ!" ಎಂದು ತಾಯಿಗೆ ಬಿಡಿಸಿ ಹೇಳಿದ್ದ.

"ನಮ್ಮೂರಾಗ ಹಾಕೂದಿಲ್ಲೇನು?" ಎಂದಿದ್ದಳು ಬಸವ್ವ.

"ಅದು ಬ್ಯಾರೆ."

ಆಮೇಲೆ ಸಂಘದಲ್ಲಿ ಸಿಕ್ಕವರಿಗೆಲ್ಲ ಅದೇ ಮಾತು. "ಟೀರ್ನಿ ಅಂದ್ರ ಒಡೆಯಾ ಅಂತ ಅರ್ಥರೀ. ಹಳೇ ಮನೆತನ."

"ಹಂಗಾದ್ರ ಬೀಗರು ನಮಗಿಂತ ಮ್ಯಾಲಿನವರು ಅನ್ರಿ," ಎಂದು ಗೆಳೆಯ ಮಲ್ಲೇಶ ಕಾಲೆಳೆದಿದ್ದ. ಶೇಖರಪ್ಪ ಅದನ್ನೂ ಹೊಗಳಿಕೆಯೆಂದೇ ತೆಗೆದುಕೊಂಡ. ಮದುವೆಯಾದ ಮೇಲೆ ಎರಡೂ ಮನೆಯವರು ಸೇರಿ ಟೀರ್ನಿಗಳ ಹಳ್ಳಿಗೆ ಹೋಗಿ ಹಿರಿಯರ ಗೋರಿಗಳಿಗೆ ಹೂವಿಟ್ಟು ಬರುವುದೆಂದು ಮಾತಾಗಿತ್ತು. ಹೊರಡಲು ತುದಿಗಾಲಲ್ಲಿ ನಿಂತವನು ಇವನೇ.

ಈಗ ಅದೇ ಮೇಜಿನ ಎದುರು ಬೀಗರಿಬ್ಬರೂ ಕೂತಿದ್ದರು. ಶೇಖರಪ್ಪ ಇಂಗ್ಲಿಷಿನಲ್ಲಿ, ಆಫೀಸಿನ ಮೀಟಿಂಗಿನ ದನಿಯಲ್ಲಿ ಶುರುಮಾಡಿದ.

"ಇದನ್ನು ನೀವು ಮೊದಲೇ ಹೇಳಬೇಕಿತ್ತು."

"ಯಾವುದನ್ನು? ಕೇಳಿದ್ದಕ್ಕೆಲ್ಲ ಹೇಳಿದೆನಲ್ಲ. ಹೆಸರು, ಹಳ್ಳಿ, ಗೋರಿಗಳು."

"ಅವು ನಿಮ್ಮವು. ಹುಡುಗನದು?"

ಯೂಜೀನ್ ಅರ್ಥವಾಗದೆ ನೋಡಿದ. "ಹಾಲುಹಲ್ಲು ಬರುವ ಮೊದಲೇ ನನ್ನ ಹೆಗಲೇರಿದವನು. ಅವನೂ ಟೀರ್ನಿಯೇ."

"ಲೋಕಕ್ಕೆಲ್ಲ ಬೇರು ಹುಡುಕಿಕೊಡುತ್ತೀರಿ. ಸಾಕುಮಗನದನ್ನೂ ಹುಡುಕಿ. ಹೆತ್ತವರು ಯಾರು, ಎಂಥವರು. ತಿಳಿದ ಮೇಲೆ ಮುಂದಿನ ಮಾತು."

ಮುದುಕನ ಕೆಂಪು ಮುಖ ಬಿಳಿಚಿತು. "ನಾನು ಬೇರು ಹುಡುಕುವುದು ಜನರನ್ನು ಮನೆಗೆ ಕರೆದುಕೊಂಡು ಹೋಗುವುದಕ್ಕೆ," ಎಂದ. "ಹೊರಗೆ ನಿಲ್ಲಿಸುವುದಕ್ಕಲ್ಲ."

ಬಸವ್ವ ಕಿಟಕಿಯ ಪರದೆ ಸರಿಸಿ ಹೊರಗೆ ನೋಡುತ್ತಿದ್ದಳು. ಇಂಗ್ಲಿಷ್ ಬಾರದಿದ್ದರೂ ಹುಡುಗನ ಮುಖ ನೋಡಿಯೇ ಸಂಗತಿ ಅವಳಿಗೆ ತಿಳಿದಿತ್ತು. "ಮಳ್ಯಾಗ ನಿಂತಾನಲ್ಲೋ ಹುಡುಗ. ಒಳಗ ಕರಿ. ಸಾಕಿದ ಮಗ ಆದ್ರ ಏನಾತು? ನಿಮ್ಮ ಕಾಕಾ ದತ್ತಕ ತಗೊಳ್ಳಲಿಲ್ಲೇನು?"

"ತಗೊಂಡ. ಯಾರ ಕೂಸು ಅಂತ ನೋಡಿ ತಗೊಂಡ. ನೀ ಸುಮ್ನಿರವ್ವಾ."

"ಸುಮ್ನಿದ್ದು ಸುಮ್ನಿದ್ದೇ ಇಷ್ಟ ವಯಸ್ಸಾತು," ಎಂದು ಮುದುಕಿ ಪರದೆಯನ್ನು ಪೂರ್ತಿ ಸರಿಸಿದಳು. ಗಾಜಿನಾಚೆ ಕಾನರ್ ತಲೆ ತಗ್ಗಿಸಿ ನಿಂತಿದ್ದ. ಹೊಸ ಕೋಟಿನ ಭುಜ ನೆನೆದಿತ್ತು.

ರೇಷ್ಮೆ ಸೀರೆಯುಟ್ಟ ನಿಕಿತಾ ಮೆಟ್ಟಿಲಿಳಿದು ಬಂದಳು. ಮೇಲಿನಿಂದಲೇ ಎಲ್ಲ ಕೇಳಿಸಿಕೊಂಡಿದ್ದಳು. ಅಪ್ಪ ಅವಳ ಮುಖ ನೋಡದೆ ಬಾಗಿಲ ಕಡೆ ಕೈತೋರಿಸಿದ.

"ಹೋಗಿ ಅವಗ ಹೇಳು. ಇವತ್ತ ಏನೂ ಆಗೂದಿಲ್ಲ, ಮನೀಗೆ ನಡಿ ಅಂತ. ಜನಾ ಬರೂದ್ರೊಳಗ ಹೇಳು."

"ನಾನು ಹೇಳಲ್ಲ ಅಪ್ಪ," ಎಂದಳು ನಿಕಿತಾ. "ಅವನದು ಐರಿಷ್ ರಕ್ತ ಅಂದ್ಕೊಂಡಿರೋವರೆಗೂ ನೀವು ಜಾತಿ ಕೇಳ್ಲಿಲ್ಲ. 'ನಾನೂ ನಿಮ್ಮ ಹುಬ್ಬಳ್ಳಿಯವನೇ, ಅಲ್ಲಿನ ಅನಾಥಾಲಯದಿಂದ ಬಂದವನು' ಅಂತ ಅವನು ಖುಷಿಯಿಂದ ಹೇಳಿದ ತಕ್ಷಣ ಕೇಳ್ತಿದೀರ. ನಾನು ಹೇಳಲ್ಲ."