ಎರಡು ಸಣ್ಣ ಉಂಡೆಗಳು

ಕದ ಬಡಿದ ಸದ್ದಿಗೆ ಹೊಲಿಗೆ ಯಂತ್ರ ನಿಂತಿತು. ಒಂದಲ್ಲ, ಎರಡಲ್ಲ, ಬಿಡುವಿಲ್ಲದೆ ಐದಾರು ಬಡಿತ. ಸೊಸೆ ಎದ್ದು ಹೋಗಿ ತೆರೆದಳು. ಒಂದು ಕೈಯಲ್ಲಿ ಟಾರ್ಚು, ಇನ್ನೊಂದರಲ್ಲಿ ತೂತಿನ ಸೌಟು ಹಿಡಿದು ಮಾವ ನಿಂತಿದ್ದರು.

"ಸಣ್ಣವು ಒಂದೂ ಇಲ್ಲಮ್ಮಾ," ಎಂದರು.

"ಯಾವ ಸಣ್ಣವು ಮಾವ? ರಾತ್ರಿ ಹತ್ತು ಗಂಟೆಗೆ ಒಗಟು ಹೇಳ್ತಿದ್ದೀರಲ್ಲ."

"ಉಂಡೆ. ದೊಡ್ಡವು ಮೂರು ಸಿಕ್ಕಿವೆ, ಅವು ದಿವಾನಂದು. ಬತ್ತೀದು ದಿನಾ ಎರಡಾದ್ರೂ ಇರ್ತಿತ್ತು. ಬೆಳಿಗ್ಗೆನೂ ಇರ್ಲಿಲ್ಲ, ಈಗಲೂ ಇಲ್ಲ. ಅದು ಉಚ್ಚೆ ಹೊಯ್ದೇ ಒಂದು ದಿನ ಆಯ್ತು."

ದಿವಾನ, ಬತ್ತಿ ಆ ಮನೆಯ ಎರಡು ಗಂಡುಬೆಕ್ಕುಗಳು. ಒಂದು ದಿಂಬಿನಂತೆ ದುಂಡಗೆ, ಇನ್ನೊಂದು ಹೆಸರಿಗೆ ತಕ್ಕಂತೆ ಸಣಕಲು. ಮಾವ ನಲವತ್ತು ವರ್ಷ ಹಿಟ್ಟಿನ ಮಿಲ್ಲಿನಲ್ಲಿ ಜರಡಿಯ ಮುಂದೆ ನಿಂತವರು. ನಿವೃತ್ತರಾದ ಮೇಲೆ ಆ ಕೈಗಳಿಗೆ ಉಳಿದದ್ದು ಹಿಂದಿನ ಬಾಲ್ಕನಿಯಲ್ಲಿದ್ದ ಬೆಕ್ಕುಗಳ ಟ್ರೇ ಒಂದೇ. ಅದಕ್ಕೆ ಹಾಕುವ ಮರಳನ್ನೂ ಅವರೇ ಆರಿಸಿದ್ದರು. ಅಂಗಡಿಯಲ್ಲಿ ಒಂದೊಂದು ಚೀಲದಿಂದಲೂ ಚಿಟಿಕೆ ತೆಗೆದು ಬೆರಳಲ್ಲಿ ಉಜ್ಜಿ, ಮೂಸಿ, ಪರಿಮಳದ್ದನ್ನು "ಹಿಟ್ಟಿಗೆ ಯಾರಾದ್ರೂ ಅತ್ತರು ಹಾಕ್ತಾರೇನ್ರೀ" ಎಂದು ಪಕ್ಕಕ್ಕೆ ತಳ್ಳಿ, ಒದ್ದೆಯಾದಲ್ಲಿ ಉಂಡೆ ಕಟ್ಟುವ ಜೇಡಿಮಣ್ಣನ್ನು ತಂದಿದ್ದರು. ಆದರೆ ಆ ಮಣ್ಣಿನ ದೂಳು ಬೆಕ್ಕುಗಳ ಕಾಲಿಗಂಟಿ, ಸೊಸೆ ಆಸ್ಪತ್ರೆಗೆ ಹೊಲಿಯುತ್ತಿದ್ದ ಬಿಳಿ ಕೋಟುಗಳ ಮೇಲೆ ಹೆಜ್ಜೆ ಮೂಡಿಸತೊಡಗಿತು. ಹೋದ ತಿಂಗಳು ಏಳು ಕೋಟು ವಾಪಸು ಬಂದ ದಿನವೇ ಅವಳು ಮರದ ಹೊಟ್ಟನ್ನು ಒತ್ತಿ ಮಾಡಿದ ಗುಳಿಗೆಗಳ ಚೀಲವೊಂದನ್ನು ತಂದಿಟ್ಟು, "ನಾಳೆಯಿಂದ ಇದೇ" ಎಂದಿದ್ದಳು. ಮರುದಿನ ಮಾವ ಟ್ರೇಗೆ ಗುಳಿಗೆ ತುಂಬಿದರು. ಆಮೇಲೆ ಕೋಟಿನ ಮೇಲೆ ಒಂದು ಹೆಜ್ಜೆಯೂ ಬೀಳಲಿಲ್ಲ.

ಬೀರುವಿನ ಮೇಲಿನಿಂದ ದಿವಾನ ಮನೆ ಹಾರಿಹೋಗುವಂತೆ ಕೂಗಿತು.

"ಕೂಗ್ತಿರೋದು ದಿವಾನ. ಕಾಯಿಲೆ ಅದಕ್ಕೇ ಇರ್ಬೇಕು," ಎಂದು ಗಂಡ ಹಾಸಿಗೆಯಿಂದಲೇ ತೀರ್ಪು ಕೊಟ್ಟ.

"ಅದು ಊಟಕ್ಕೆ ಮುಂಚೆನೂ ಕೂಗುತ್ತೆ, ಊಟ ಆದ್ಮೇಲೂ ಕೂಗುತ್ತೆ. ನಿನ್ನ ಹಾಗೇ," ಎಂದರು ಮಾವ. "ಏಳು, ಬತ್ತೀನ ಹುಡುಕು."

ಬತ್ತಿ ಸಿಕ್ಕಿದ್ದು ಕತ್ತರಿಸುವ ಮೇಜಿನ ಕೆಳಗೆ, ಬಟ್ಟೆಯ ಗಂಟುಗಳ ಹಿಂದೆ. ದಿನವಿಡೀ ಯಂತ್ರದ ಪೆಡಲಿನ ಪಕ್ಕ ಅವಳ ಪಾದಕ್ಕೆ ಬೆನ್ನು ತಾಗಿಸಿ ಮಲಗುತ್ತಿದ್ದ ಪ್ರಾಣಿ ಅದು; ಇಂದು ಪಾದ ತಣ್ಣಗಿದ್ದುದು ಅವಳ ಗಮನಕ್ಕೇ ಬಂದಿರಲಿಲ್ಲ. ಎತ್ತಿಕೊಂಡರೆ ಹೊಟ್ಟೆ ಕಲ್ಲಿನಂತೆ ಗಟ್ಟಿ. ಸದ್ದಿಲ್ಲದೆ ಬಾಯಿ ತೆರೆದು ಮುಚ್ಚಿತು, ಅಷ್ಟೇ. ಅವಳು ಅದನ್ನು ಬೆಕ್ಕಿನ ಬುಟ್ಟಿಯಲ್ಲಿ ಮಲಗಿಸಿದಳು.

ರಾತ್ರಿಯೂ ತೆರೆದಿರುತ್ತಿದ್ದ ಪ್ರಾಣಿ ಆಸ್ಪತ್ರೆಗೆ ಗಂಡ ಕಾರು ಓಡಿಸಿದ. ಬತ್ತಿಯನ್ನು ಒಳಗೊಯ್ದು ಬಾಗಿಲು ಮುಚ್ಚಿದ ಮೇಲೆ ಮೂವರೂ ಮುಕ್ಕಾಲು ಗಂಟೆ ಹೊರಗೆ ಕಾದರು. ಕಡೆಗೆ ಡಾಕ್ಟರಮ್ಮ ಕೈ ಒರೆಸಿಕೊಳ್ಳುತ್ತಾ ಹೊರಬಂದರು.

"ಮೂತ್ರದ ದಾರಿ ಕಟ್ಟಿಕೊಂಡಿತ್ತು. ಸಣ್ಣ ನಳಿಗೆ ಹಾಕಿ ಬಿಡಿಸಿದ್ದೀನಿ. ಎರಡು ದಿನ ಇಲ್ಲೇ ಇರ್ಲಿ, ಉಳ್ಕೊಳ್ಳುತ್ತೆ. ಬೆಳಗಾಗ್ಲಿ ಅಂತ ಕಾದಿದ್ರೆ ನನ್ನ ಕೈಲಿ ಏನೂ ಇರ್ತಿರ್ಲಿಲ್ಲ. ಯಾರು ಗಮನಿಸಿದ್ದು?"

"ನಮ್ಮ ಮಾವ," ಎಂದಳು ಸೊಸೆ. ಆ ಮುದುಕರ ಹಿಟ್ಟು ಜರಡಿ ಹಿಡಿದ ಒರಟು ಕೈಗಳನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಾವ ಸಂಕೋಚದಿಂದ ಸೀಲಿಂಗ್ ನೋಡಿದರು.

"ಟ್ರೇಗೆ ಏನು ಹಾಕ್ತೀರಿ?" ಡಾಕ್ಟರಮ್ಮ ಚೀಟಿ ಬರೆಯುತ್ತಾ ಕೇಳಿದರು.

"ಮರದ ಗುಳಿಗೆ."

ಪೆನ್ನು ನಿಂತಿತು. "ಅದು ಒದ್ದೆಯಾದ್ರೆ ಪುಡಿ ಆಗುತ್ತೇಮ್ಮ, ಉಂಡೆ ಕಟ್ಟಲ್ಲ. ಮತ್ತೆ ಇವರು ಉಂಡೆ ಎಣಿಸಿದ್ದು ಹೇಗೆ?"

ಸೊಸೆ ಮಾವನತ್ತ ತಿರುಗಿದಳು. ಅವಳಿಗೆ ಸಿಟ್ಟಿರಲಿಲ್ಲ. ತನಗೆ ಗೊತ್ತಾಗದಂತೆ ಹಳೇ ಮಣ್ಣು ಹಾಕಿದ್ದಕ್ಕೆ ಕಾಲಿಗೆ ಬೀಳುವಷ್ಟು ಋಣವೇ ಇತ್ತು. "ಮಣ್ಣನ್ನ ಮತ್ತೆ ನೀವೇ ತಂದ್ರಾ ಮಾವ?"

"ನಾನೆಲ್ಲಿ ತರ್ಲಿ?" ಮಾವ ಕಕ್ಕಾಬಿಕ್ಕಿಯಾದರು. "ಗುಳಿಗೆ ತುಂಬಿದ ದಿನ ಸೌಟು ತೊಳೆದು ಮೂಲೆಗಿಟ್ಟೆ. ಜರಡಿ ಹಿಡಿಯೋಕೆ ಅದರಲ್ಲಿ ಏನಿದೆ? ಎರಡು ದಿನ ಬಾಲ್ಕನೀಲಿ ಸುಮ್ನೆ ಕೂತಿದ್ದೆ. ಮೂರನೇ ದಿನ ನೋಡ್ತೀನಿ, ಟ್ರೇ ತುಂಬಾ ಹಳೇ ಮಣ್ಣು. ಮುಂದೆ ಒಂದು ಒರಟು ನಾರಿನ ಚಾಪೆ ಬೇರೆ. ಬೆಕ್ಕು ಅದರ ಮೇಲೆ ನಡೆದ್ರೆ ಕಾಲಿನ ದೂಳೆಲ್ಲ ಅಲ್ಲೇ ಉದುರುತ್ತೆ. ನೀನೇ ಮನಸ್ಸು ಕರಗಿ ಮಾಡಿದ್ದೀಯ ಅಂದ್ಕೊಂಡೆ ಕಣಮ್ಮಾ. ಬಾಯಿಬಿಟ್ಟು ಹೇಳೋಕೆ ಬರಲ್ಲ ನಂಗೆ. ಮನಸ್ಸಲ್ಲೇ ನಿನಗೆ ದಿನಾ ಕೈ ಮುಗೀತಿದ್ದೆ."

ಈ ಒಂದು ತಿಂಗಳು ಸೊಸೆ ಗುಳಿಗೆಗಳಿಗೆ, ಮಾವ ಸೊಸೆಗೆ, ಹೀಗೆ ತಪ್ಪು ವಿಳಾಸಕ್ಕೆ ಕೃತಜ್ಞತೆ ಸಲ್ಲಿಸುತ್ತಲೇ ಬಂದಿದ್ದರು. ಮಣ್ಣು ತಂದದ್ದು ಅವಳಲ್ಲ. ಮಾವನೂ ಅಲ್ಲ.

ಇಬ್ಬರೂ ಒಟ್ಟಿಗೇ ತಲೆಯೆತ್ತಿದರು. ಗೋಡೆಯ ಬೆಂಚಿನಲ್ಲಿ, ಖಾಲಿ ಬೆಕ್ಕಿನ ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು ಒಬ್ಬಾತ ಎದುರಿನ ನಾಯಿಹಲ್ಲುಗಳ ಚಿತ್ರಪಟವನ್ನು ಪರೀಕ್ಷೆಗೆ ಓದುವವನಂತೆ ದಿಟ್ಟಿಸುತ್ತಿದ್ದ; ಕಿವಿಗಳೆರಡೂ ಕೆಂಪಗಾಗಿದ್ದವು.

ಅವಳ ಗಂಡ.