ಮುಂದಿನ ಎರಡು ಬೆರಳು

"ಹಿಂದ್ಗಡೆ ಎತ್ತರ ಎರಡು ಬೆರಳು ಇಳಿಸಿದಾರೆ, ಮುಂದ್ಗಡೆ ಮುಟ್ಟೇ ಇಲ್ಲ," ಎಂದು ಮೆಕ್ಯಾನಿಕ್ ಬೈಕಿನ ಪಕ್ಕದಿಂದ ಎದ್ದ. "ಅದಕ್ಕೇ ಅಕ್ಕಾ, ತಿರುವಿನಲ್ಲಿ ಹ್ಯಾಂಡಲ್ ನಿಮ್ಮ ಮಾತು ಕೇಳ್ತಿಲ್ಲ. ಯಾರು ಮಾಡಿದ್ದು ಈ ಘನಂದಾರಿ ಕೆಲಸ?"

ಅವಳು ಗಂಡನ ಕಡೆ ತಿರುಗಿದಳು. ಆ ಎತ್ತರದ ಬೈಕನ್ನು ಅವಳ ಕಾಲು ನೆಲಕ್ಕೆ ಎಟುಕುವಂತೆ ಇಳಿಸಿಕೊಟ್ಟವನು ಅವನೇ. ಅವಳು ಮೂರು ಸಲ ಬಿದ್ದಾಗ ಅಯ್ಯೋ ಪಾಪ ಎನ್ನುತ್ತ ಮುಲಾಮು ಹಚ್ಚಿದವನೂ ಅವನೇ.

"ಮುಂದ್ಗಡೆ ಗೊತ್ತಿದ್ದೇ ಇಳಿಸದೆ ಬಿಟ್ಟಿದ್ದೆ ಕಣೇ," ಅವನು ಹಲ್ಲು ಕಿರಿದ. "ನಾಲ್ಕು ಸಲ ಬಿದ್ರೆ ಇದರ ಸಹವಾಸವೇ ಬೇಡ ಅಂತೀಯ ಅಂದ್ಕೊಂಡೆ."

ಮುಲಾಮಿನ ವಾಸನೆ ಈಗ ಅವಳ ಮೂಗಿಗೆ ಬಡಿಯಿತು. ತನ್ನ ಮೊಣಕಾಲಿಗೆ ಅವನು ಕಟ್ಟಿದ್ದ ಪಟ್ಟಿಯನ್ನು ಬಿಚ್ಚಿ, ಎರಡೇ ಬೆರಳಲ್ಲಿ ಹಿಡಿದು ಕಸದ ಡಬ್ಬಿಗೆ ಹಾಕಿದಳು.

"ಮುಂದ್ಗಡೆನೂ ಎರಡು ಬೆರಳು ಇಳಿಸಪ್ಪಾ," ಎಂದಳು. "ಹಾಗೇ ಹಿಂದಿನ ಸೀಟು ಬಿಚ್ಚಿಹಾಕು. ಇವರು ನಡ್ಕೊಂಡು ಬರ್ತಾರೆ."